ಹಕ್ಕಿಗಳ ಲೆಕ್ಕವಿಟ್ಟ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್

ಬೆಳಗ್ಗೆ ಎದ್ದು ಅಂಗಳಕ್ಕಿಳಿದಾಗ ಹಕ್ಕಿಯೊಂದನ್ನೂ ಕಾಣದವರು ನಮ್ಮಲ್ಲಿ ಯಾರೂ ಇರಲಾರರು. ದಾಸವಾಳದ ಗಿಡದಲ್ಲಿ ಗದ್ದಲವೆಬ್ಬಿಸುವ ಪಿಕಳಾರ, ಕಂಗಿನ ಸೋಗೆಯ ಮೇಲೆ ಕುಳಿತು ಬಾಲ ಕುಣಿಸುವ ಕಾಜಾಣ, ಬಾವಿಕಟ್ಟೆಯ ಬಳಿ ಸುಳಿಯುವ ಮಡಿವಾಳ ಹಕ್ಕಿ, ಇವೆಲ್ಲ ಮನೆಯವರಷ್ಟೇ ಪರಿಚಿತ. ಆದರೆ ನಮ್ಮ ಹಿತ್ತಿಲಿಗೆ ಎಷ್ಟು ಬಗೆಯ ಹಕ್ಕಿಗಳು ಬರುತ್ತವೆ, ಒಂದೊಂದು ಬಗೆಯಲ್ಲಿ ಎಷ್ಟೆಷ್ಟು ಬರುತ್ತವೆ, ಹತ್ತು ವರ್ಷಗಳ ಹಿಂದೆ ಎಷ್ಟಿದ್ದುವು ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಬಲ್ಲವರು ಎಷ್ಟು ಮಂದಿ? ಗುಬ್ಬಚ್ಚಿಗಳು ಕಡಿಮೆಯಾದುವು ಎಂದು ಎಲ್ಲರೂ ಹೇಳುತ್ತೇವೆ. ಎಷ್ಟಿದ್ದದ್ದು ಎಷ್ಟಾಯಿತು ಎಂದು ಹೇಳಲು ನಮ್ಮಲ್ಲಿ ಲೆಕ್ಕವಿಲ್ಲ.

ನೋಡುವುದು ಬೇರೆ, ನೋಡಿದ್ದನ್ನು ಎಣಿಸಿ ಬರೆದಿಡುವುದು ಬೇರೆ. ಈ ಎರಡನೆಯ ಕೆಲಸವನ್ನು ತನ್ನ ಮನೆಯ ತೋಟದಲ್ಲಿ, ಊರಿನ ಇಗರ್ಜಿಯ ಸುತ್ತಮುತ್ತ, ನಾಲ್ಕು ದಶಕಗಳಿಗೂ ಮೀರಿ ಬಿಡದೆ ಮಾಡಿದ ಒಬ್ಬ ಹಳ್ಳಿಯ ಪಾದ್ರಿಯ ಜೀವನವನ್ನು ಇಂದು ನಾವು ವಾಚಕರ ಮುಂದಿಡುತ್ತಿದ್ದೇವೆ. ಅವರ ಹೆಸರು ಗಿಲ್ಬರ್ಟ್ ವೈಟ್. ಅವರು ದೂರದೇಶಗಳನ್ನು ಸುತ್ತಿದವರಲ್ಲ, ದೊಡ್ಡ ಪದವಿಯಲ್ಲಿದ್ದವರಲ್ಲ. ಆದರೂ ಅವರು ಬರೆದ ಒಂದೇ ಒಂದು ಪುಸ್ತಕ ಇನ್ನೂರು ವರ್ಷಗಳು ಕಳೆದ ಮೇಲೂ ಮರುಮುದ್ರಣಗೊಳ್ಳುತ್ತಲೇ ಇದೆ.

ಊರು ಮತ್ತು ಮನೆತನ

ಇಂಗ್ಲೆಂಡಿನ ದಕ್ಷಿಣಕ್ಕಿರುವ ಹ್ಯಾಂಪ್‌ಶೈರ್ ಪ್ರಾಂತ್ಯದಲ್ಲಿ, ಲಂಡನ್ನಿನಿಂದ ಸುಮಾರು 50 ಮೈಲು ದೂರದಲ್ಲಿ ಸೆಲ್ಬೋರ್ನ್ ಎಂಬ ಸಣ್ಣ ಊರಿದೆ. ಅಲ್ಲಿನ ಇಗರ್ಜಿಯ ಮುಖ್ಯ ಪಾದ್ರಿಯಾಗಿದ್ದವರು ವೈಟರ ಅಜ್ಜ. ಅವರ ಹೆಸರೂ ಗಿಲ್ಬರ್ಟ್ ವೈಟ್. ಆ ಅಜ್ಜನ ಮನೆಯಲ್ಲಿ 1720ರ ಜುಲೈ 18ರಂದು ಮೊಮ್ಮಗ ಗಿಲ್ಬರ್ಟ್ ಹುಟ್ಟಿದರು. ತಂದೆ ಜಾನ್ ವೈಟ್ ಕಾನೂನು ಓದಿದವರು. ತಾಯಿ ಆ್ಯನ್. ಮಕ್ಕಳಲ್ಲಿ ಗಿಲ್ಬರ್ಟರೇ ಹಿರಿಯರು. ಅಜ್ಜ ತೀರಿಕೊಂಡ ಬಳಿಕ ಸಂಸಾರ ಇಗರ್ಜಿಯ ಎದುರು ಬದಿಯ ವೇಕ್ಸ್ ಎಂಬ ಮನೆಗೆ ಬಂತು. ಮುಂದೆ ಬದುಕಿನ ಬಹುಭಾಗವನ್ನು ವೈಟರು ಕಳೆದದ್ದು ಅದೇ ಮನೆಯಲ್ಲಿ, ಕೊನೆಯುಸಿರೆಳೆದದ್ದೂ ಅಲ್ಲೇ.

ಊರೆಂದರೆ ಒಂದೇ ಬೀದಿ. ಅದರ ಬೆನ್ನಿಗೆ ಸುಮಾರು 300 ಅಡಿ ಎತ್ತರದ ಸುಣ್ಣಕಲ್ಲಿನ ಗುಡ್ಡ, ಗುಡ್ಡದ ತುಂಬ ಬೀಚ್ ಮರಗಳ ಕಾಡು. ಇಗರ್ಜಿಯ ಅಂಗಳದಲ್ಲಿ ಒಂದು ಪುರಾತನ ಯೂ ಮರ. ಅದರ ಬುಡದ ಸುತ್ತಳತೆ 23 ಅಡಿ ಎಂದು ವೈಟರೇ ಅಳೆದು ಬರೆದಿದ್ದಾರೆ. ಆ ಮರ 1990ರ ಬಿರುಗಾಳಿಗೆ ಉರುಳಿತು. ಮರವನ್ನು ಅಳೆದಂತೆ ಅವರು ಊರಿನ ಜನರನ್ನೂ ಎಣಿಸಿದರು. 1783ರ ಅಕ್ಟೋಬರಿನಲ್ಲಿ ಅವರು ಮಾಡಿದ ಗಣತಿಯಂತೆ ಆ ಇಗರ್ಜಿಯ ವ್ಯಾಪ್ತಿಯಲ್ಲಿ ಇದ್ದ ಸಂಸಾರಗಳು 136, ಜನರು 676. ಮನುಷ್ಯನಾಗಲಿ ಮರವಾಗಲಿ ಹಕ್ಕಿಯಾಗಲಿ, ಸರಿಯಾದ ಲೆಕ್ಕವಿಲ್ಲದೆ ಮಾತಾಡಬಾರದೆಂಬುದು ಅವರ ಸ್ವಭಾವವೇ ಆಗಿತ್ತು.

ಓದು ಮತ್ತು ಉದ್ಯೋಗ

ಬೇಸಿಂಗ್‌ಸ್ಟೋಕಿನಲ್ಲಿ ಶಾಲೆ ಮುಗಿಸಿದ ವೈಟರು ಆಕ್ಸ್‌ಫರ್ಡಿನ ಓರಿಯಲ್ ಕಾಲೇಜು ಸೇರಿದರು. 1743ರಲ್ಲಿ ಬಿ.ಎ. ಪದವಿ ಪಡೆದು, ಮರುವರ್ಷ ಅದೇ ಕಾಲೇಜಿನ ಫೆಲೋ ಆದರು. 1749ರಲ್ಲಿ ಪಾದ್ರಿಯಾಗಿ ಪೂರ್ಣ ದೀಕ್ಷೆ ಪಡೆದರು. 1752ರಲ್ಲಿ ವಿಶ್ವವಿದ್ಯಾಲಯದ ಪ್ರಾಕ್ಟರ್ ಹುದ್ದೆಯೂ ದೊರೆಯಿತು. ಅಲ್ಲೇ ಉಳಿದಿದ್ದರೆ ದೊಡ್ಡ ಸ್ಥಾನಕ್ಕೆ ಏರಬಹುದಿತ್ತು. 1757ರಲ್ಲಿ ಕಾಲೇಜಿನ ಮುಖ್ಯಸ್ಥನ ಸ್ಥಾನಕ್ಕೆ ಪ್ರಯತ್ನಿಸಿದ್ದೂ ಉಂಟು, ಅದು ಫಲಿಸಲಿಲ್ಲ.

ಅವರ ಮನಸ್ಸಿದ್ದದ್ದು ಊರಿನಲ್ಲಿ. ವಿಚಿತ್ರವೆಂದರೆ, ಹುಟ್ಟೂರಿನ ಮುಖ್ಯ ಪಾದ್ರಿಯಾಗುವ ಯೋಗ ಅವರಿಗೆ ಎಂದೂ ಬರುವಂತಿರಲಿಲ್ಲ. ಸೆಲ್ಬೋರ್ನಿನ ಇಗರ್ಜಿಗೆ ಪಾದ್ರಿಯನ್ನು ನೇಮಿಸುವ ಹಕ್ಕು ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿನದು; ವೈಟರು ಓದಿದ್ದು ಓರಿಯಲ್‌ನಲ್ಲಿ. ಹೀಗಾಗಿ ಅಜ್ಜ ಕುಳಿತ ಪೀಠದ ಪಕ್ಕದಲ್ಲಿ ಮೊಮ್ಮಗ ಬರಿಯ ಸಹಾಯಕ ಪಾದ್ರಿಯಾಗಿಯೇ ದುಡಿದರು. ನೆರೆಯ ಫಾರಿಂಗ್ಡನ್ ಎಂಬಲ್ಲಿ ಸುಮಾರು ಎರಡು ದಶಕಗಳ ಕಾಲ ಅದೇ ಕೆಲಸ. ಓರಿಯಲ್ ಕಾಲೇಜಿನ ವಶದಲ್ಲಿದ್ದ ಬೇರೆ ಬೇರೆ ಊರುಗಳ ಒಳ್ಳೆಯ ಹುದ್ದೆಗಳು ಸರದಿಯಂತೆ ಎದುರಿಗೆ ಬಂದಾಗಲೂ, ಊರು ಬಿಡಬೇಕಾಗುತ್ತದೆಂದು ಒಂದೊಂದನ್ನೇ ಬೇಡವೆಂದರು. ಮಾರ್ಟನ್ ಪಿಂಕ್ನಿ ಎಂಬ ದೂರದ ಇಗರ್ಜಿಯ ಹುದ್ದೆಯೊಂದನ್ನು ಮಾತ್ರ ಒಪ್ಪಿಕೊಂಡರು. ಆದರೆ ಅಲ್ಲಿ ವಾಸಿಸದೆ, ಬದಲಿಗೆ ಒಬ್ಬ ಸಹಾಯಕನನ್ನಿಟ್ಟು ವರಮಾನ ಪಡೆದರು. ಆ ಕಾಲದಲ್ಲಿ ಅದು ರೂಢಿಯಾಗಿತ್ತು. ಆದರೂ ಅವರ ಜೀವನ ಹೇಳುವಾಗ ಅದನ್ನು ಮುಚ್ಚಿಡುವುದು ಸರಿಯಲ್ಲ.

ಊರು ಬಿಟ್ಟು ಹೋಗದಿರಲು ಇನ್ನೊಂದು ಕಾರಣವೂ ಇತ್ತು. ಕುದುರೆಬಂಡಿಯಲ್ಲಿ ಕುಳಿತರೆ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಸಾಧ್ಯವಾದಲ್ಲೆಲ್ಲ ಕುದುರೆಯೇರಿಯೇ ಹೋಗುತ್ತಿದ್ದರು. ಮದುವೆಯಾಗಲಿಲ್ಲ. ತಮ್ಮತಂಗಿಯರ ಮಕ್ಕಳೇ ಅವರ ಸಂಸಾರ. ಆ ಮಕ್ಕಳ ಸಂಖ್ಯೆ ಅರವತ್ತು ದಾಟಿತ್ತು. ಒಂದೊಂದು ಮಗು ಹುಟ್ಟಿದಾಗಲೂ ಅವರು ಹಕ್ಕಿಗಳ ಲೆಕ್ಕ ಬರೆಯುವ ದಿನಚರಿಯಲ್ಲೇ ಆ ಲೆಕ್ಕವನ್ನೂ ಏರಿಸಿ ಬರೆದಿಡುತ್ತಿದ್ದರು.

ತೋಟದ ದಿನಚರಿ

ವೈಟರು ಮೊದಲು ತೋಟಗಾರ, ಆಮೇಲೆ ಹಕ್ಕಿಗಳ ಪಂಡಿತ. 1751ರಲ್ಲಿ ಅವರು ತೋಟದ ದಿನಚರಿಯೊಂದನ್ನು ಬರೆಯತೊಡಗಿದರು. ಯಾವ ದಿನ ಯಾವ ಬೀಜ ಹಾಕಿದೆ, ಎಂದು ಮೊಳೆಯಿತು, ಎಷ್ಟು ಕಾಯಿ ಬಿಟ್ಟಿತು ಎಂಬ ವಿವರಗಳು ಅದರಲ್ಲಿವೆ. ಚಳಿಯ ದೇಶದಲ್ಲಿ ಕರಬೂಜದ ಹಣ್ಣು ಬೆಳೆಸುವುದು ಅವರ ದೊಡ್ಡ ಹಂಬಲ. ಗಾಡಿಗಟ್ಟಲೆ ಲದ್ದಿಗೊಬ್ಬರ ತರಿಸಿ ರಾಶಿ ಹಾಕಿ, ಅದು ಕೊಳೆಯುವಾಗ ಏಳುವ ಕಾವಿನ ಮೇಲೆ ಬಳ್ಳಿ ಬೆಳೆಸುವ ವಿಧಾನವನ್ನು ವರ್ಷ ವರ್ಷವೂ ತಿದ್ದುತ್ತ ಬಂದರು. 1753ರಲ್ಲಿ ತಮ್ಮ ಜಾನನ ಜೊತೆಗೂಡಿ ಮನೆಯ ಹಿಂದಿನ ಗುಡ್ಡಕ್ಕೆ ಹಾವಿನಂತೆ ಬಳುಕುವ ಒಂದು ಕಾಲುದಾರಿಯನ್ನು ಕಡಿಸಿದರು. ಆ ದಾರಿ ಈಗಲೂ ಇದೆ.

ತೋಟಗಾರನಾದವನಿಗೆ ಹವೆಯ ಚಿಂತೆ ತಪ್ಪದು. ಮಳೆ ಎಷ್ಟು, ಚಳಿ ಎಷ್ಟು, ಗಾಳಿ ಯಾವ ಕಡೆಯದು ಎಂದು ಬರೆಯುತ್ತಿದ್ದವರು ಮೆಲ್ಲನೆ ಯಾವ ಹೂ ಎಂದು ಅರಳಿತು, ಯಾವ ಹಕ್ಕಿ ಎಂದು ಬಂತು ಎಂದೂ ಬರೆಯತೊಡಗಿದರು. ನಮ್ಮ ಹಿರಿಯ ಕೃಷಿಕರು ಹಕ್ಕಿಯ ಕೂಗು ಕೇಳಿ, ಇರುವೆಯ ಸಾಲು ನೋಡಿ ಮಳೆಯ ಅಂದಾಜು ಹೇಳುತ್ತಿದ್ದುದು ಇದೇ ಬಗೆಯ ತಿಳಿವಳಿಕೆಯಿಂದ. ವ್ಯತ್ಯಾಸವಿಷ್ಟೇ: ಅವರ ತಿಳಿವು ಬಾಯಿಂದ ಬಾಯಿಗೆ ಬಂದು ಅವರೊಂದಿಗೇ ಕರಗಿತು, ವೈಟರದು ತಾರೀಕು ಸಹಿತ ಕಾಗದದಲ್ಲಿ ಉಳಿಯಿತು.

ಪತ್ರಗಳ ಮೂಲಕ ವಿಜ್ಞಾನ

ವೈಟರ ತಮ್ಮ ಬೆಂಜಮಿನ್ ಲಂಡನ್ನಿನಲ್ಲಿ ಪುಸ್ತಕ ಪ್ರಕಾಶಕರಾಗಿದ್ದರು. ಪ್ರಾಣಿಶಾಸ್ತ್ರದ ಗ್ರಂಥಗಳನ್ನು ಬರೆಯುತ್ತಿದ್ದ ಥಾಮಸ್ ಪೆನಂಟರ ಪರಿಚಯ ಅವರ ಮೂಲಕ ಆಯಿತು. 1767ರಿಂದ ವೈಟರು ಪೆನಂಟರಿಗೆ ಪತ್ರ ಬರೆಯತೊಡಗಿದರು. ಎರಡು ವರ್ಷಗಳ ಬಳಿಕ ನ್ಯಾಯವಾದಿಯೂ ವಿದ್ವಾಂಸರೂ ಆದ ಡೇನ್ಸ್ ಬ್ಯಾರಿಂಗ್ಟನ್ನರ ಜೊತೆಗೂ ಪತ್ರವ್ಯವಹಾರ ಸುರುವಾಯಿತು. ಉಷ್ಣಾಂಶ, ಗಾಳಿ, ಮಳೆ, ಮರಗಳು, ಹೂಗಳು, ಹಕ್ಕಿಗಳು ಎಂದು ಬೇರೆ ಬೇರೆ ಕಾಲಂಗಳನ್ನು ಅಚ್ಚು ಹಾಕಿಸಿದ ದಿನಚರಿ ಪುಸ್ತಕವೊಂದನ್ನು ಬ್ಯಾರಿಂಗ್ಟನ್ನರು ಸಿದ್ಧಪಡಿಸಿದ್ದರು. 1768ರ ಆರಂಭದಿಂದ ವೈಟರು ಅದರಲ್ಲಿ ಬರೆಯತೊಡಗಿದರು. ಆ ಬರವಣಿಗೆ ಅವರ ಸಾವಿಗೆ ಹನ್ನೊಂದು ದಿನ ಉಳಿಯುವ ತನಕವೂ ನಡೆಯಿತು.

ಹಳ್ಳಿಯ ಮೂಲೆಯಲ್ಲಿ ಕುಳಿತವನಿಗೆ ವಿದ್ವಾಂಸರ ಸಂಗ ಸಿಗುವುದು ಕಷ್ಟ. ತನ್ನಂತೆ ಆಸಕ್ತಿಯುಳ್ಳ ನೆರೆಯವರು ಯಾರೂ ಇಲ್ಲವೆಂಬ ಕೊರಗು ವೈಟರಿಗೂ ಇತ್ತು. ಅಂಚೆ ಆ ಕೊರತೆಯನ್ನು ತುಂಬಿತು. ತನ್ನ ಹಿತ್ತಿಲಿನಲ್ಲಿ ಕಂಡದ್ದನ್ನು ಪುಸ್ತಕದಲ್ಲಿ ಓದಿದ್ದರ ಜೊತೆ ಹೋಲಿಸಿ, ತಾಳೆಯಾಗದಿದ್ದರೆ ಪುಸ್ತಕವನ್ನೇ ಸಂಶಯಿಸುವ ಧೈರ್ಯ ಅವರಲ್ಲಿತ್ತು.

ಕಿವಿಯಿಂದ ಕಂಡ ಹಕ್ಕಿಗಳು

ಅದಕ್ಕೊಂದು ಒಳ್ಳೆಯ ಉದಾಹರಣೆಯಿದೆ. ಹಸಿರು ಹಳದಿ ಬಣ್ಣದ, ಬೆರಳುದ್ದದ ಒಂದು ಪುಟ್ಟ ಹಕ್ಕಿ ಅಲ್ಲಿ ವಸಂತದಲ್ಲಿ ಎಲ್ಲೆಡೆ ಕಾಣುತ್ತದೆ. ಅದು ಒಂದೇ ಜಾತಿಯೆಂದು ಇಂಗ್ಲೆಂಡಿನ ಜನ ತಿಳಿದಿದ್ದರು. ಒಂದು ಹಕ್ಕಿ ಎರಡೇ ಸ್ವರಗಳನ್ನು ಮತ್ತೆ ಮತ್ತೆ ಹೇಳುತ್ತದೆ, ಇನ್ನೊಂದು ಮೇಲಿನಿಂದ ಕೆಳಗಿಳಿಯುವ ಇಂಪಾದ ರಾಗ ಹಾಡುತ್ತದೆ, ಮತ್ತೊಂದು ಎತ್ತರದ ಬೀಚ್ ಮರದ ತುದಿಯಲ್ಲಿ ಕುಳಿತು ನಡುಗುವ ದನಿ ತೆಗೆಯುತ್ತದೆ ಎಂಬುದನ್ನು ವೈಟರ ಕಿವಿ ಗುರುತಿಸಿತು. ಬಳಿಕ ಆ ಹಕ್ಕಿಗಳನ್ನು ಹಿಡಿಸಿ ಮೈ ಅಳೆದು, ಗರಿಗಳನ್ನು ಹೋಲಿಸಿ ನೋಡಿದರು. ಮೂರೂ ಬೇರೆ ಬೇರೆ ಜಾತಿಗಳೆಂದು 1768ರಲ್ಲಿ ಪೆನಂಟರಿಗೆ ಬರೆದರು. ಅವರ ಮಾತು ನಿಜವಾಯಿತು. ದುರ್ಬೀನು ಹಿಡಿದು ಹಕ್ಕಿ ನೋಡುವ ಪದ್ಧತಿ ಆಗ ಇರಲಿಲ್ಲ. ಪರೀಕ್ಷೆಗಾಗಿ ಹಕ್ಕಿಯನ್ನು ಗುಂಡಿಟ್ಟು ಕೆಡವುವುದೇ ಆ ಕಾಲದ ರೂಢಿ. ವೈಟರೂ ಅದಕ್ಕೆ ಹೊರತಲ್ಲ. ಆದರೆ ಬದುಕಿರುವ ಹಕ್ಕಿಯ ನಡೆನುಡಿಯನ್ನು ಗಮನಿಸುವುದೇ ಮುಖ್ಯವೆಂದು ತೋರಿಸಿಕೊಟ್ಟವರಲ್ಲಿ ಅವರು ಮೊದಲಿಗರು.

ಇಗರ್ಜಿಯ ಮಾಡಿನ ಸಂದಿಯಲ್ಲಿ ಒಂದು ಜೋಡಿ ಬಿಳಿಗೂಬೆಗಳು ಮರಿ ಮಾಡಿದ್ದುವು. ಗೂಬೆಯೆಂದರೆ ಅಪಶಕುನವೆಂದು ಜನ ಅಲ್ಲಿಯೂ ನಂಬಿದ್ದ ಕಾಲ ಅದು. ವೈಟರು ಗಡಿಯಾರ ಹಿಡಿದು ಒಂದು ಗಂಟೆ ಹೊತ್ತು ನಿಂತು ನೋಡಿದರು. ಗಂಡೋ ಹೆಣ್ಣೋ, ಯಾವುದಾದರೊಂದು ಗೂಬೆ ಸುಮಾರು 5 ನಿಮಿಷಕ್ಕೊಮ್ಮೆ ಇಲಿ ಹಿಡಿದು ಗೂಡಿಗೆ ಮರಳುತ್ತಿತ್ತು. ಗೂಬೆ ರೈತನ ಮಿತ್ರನೆಂದು ಸಾಧಿಸಲು ಬೇರೆ ಭಾಷಣ ಬೇಕೆ? ಗಡಿಯಾರವೇ ಸಾಕ್ಷಿ ಹೇಳಿತು.

ಹಕ್ಕಿಗಳಲ್ಲದೆ ಇತರ ಜೀವಿಗಳೂ ಅವರ ಗಮನಕ್ಕೆ ಬಿದ್ದುವು. ಹೊಲದ ತೆನೆಗಳ ನಡುವೆ ಚೆಂಡಿನಂಥ ಗೂಡು ಕಟ್ಟುವ ಅತಿ ಸಣ್ಣ ಇಲಿಯೊಂದನ್ನು ಇಂಗ್ಲೆಂಡಿನಲ್ಲಿ ಮೊದಲು ಗುರುತಿಸಿ ವಿವರಿಸಿದವರು ಅವರೇ. ಎರೆಹುಳುಗಳು ಮಣ್ಣನ್ನು ಸಡಿಲಿಸಿ ಫಲವತ್ತಾಗಿಸುತ್ತವೆ, ಅವಿಲ್ಲದಿದ್ದರೆ ಭೂಮಿ ಗಟ್ಟಿಯಾಗಿ ಬಂಜೆಯಾದೀತು ಎಂದು 1777ರಲ್ಲೇ ಬರೆದರು. ಇದೇ ವಿಷಯದ ಮೇಲೆ ಚಾರ್ಲ್ಸ್ ಡಾರ್ವಿನ್ನರ ಪುಸ್ತಕ ಬಂದದ್ದು 1881ರಲ್ಲಿ.

ತಿಮೋಥಿ ಎಂಬ ಆಮೆಯ ಕಥೆಯಂತೂ ಮಕ್ಕಳಿಗೆ ಹೇಳುವಂಥದು. ಅದು ವೈಟರ ಸೋದರತ್ತೆ ಸಾಕಿದ್ದ ಆಮೆ. 1780ರಲ್ಲಿ ಅತ್ತೆ ತೀರಿಕೊಂಡಾಗ, ಮಣ್ಣಿನೊಳಗೆ ಚಳಿಗಾಲದ ನಿದ್ದೆಯಲ್ಲಿದ್ದ ಆ ಆಮೆಯನ್ನು ಅಗೆದು ತೆಗೆದು, ಮಣ್ಣು ತುಂಬಿದ ಪೆಟ್ಟಿಗೆಯಲ್ಲಿಟ್ಟು, ಬಂಡಿಯಲ್ಲಿ 80 ಮೈಲು ದೂರ ತಂದು ತಮ್ಮ ತೋಟದಲ್ಲಿ ಬಿಟ್ಟರು. ಅದು ಎಂದು ಮಣ್ಣಿಗಿಳಿಯುತ್ತದೆ, ಎಂದು ಮೇಲೆ ಬರುತ್ತದೆ, ಎಷ್ಟು ತೂಗುತ್ತದೆ ಎಂದು ಬರೆದಿಟ್ಟರು. ತಿಮೋಥಿ ಎಂಬುದು ಗಂಡು ಹೆಸರು. ಆಮೆ ಸತ್ತು ಎಷ್ಟೋ ಕಾಲದ ಮೇಲೆ ಚಿಪ್ಪನ್ನು ಪರೀಕ್ಷಿಸಿದವರು ಅದು ಹೆಣ್ಣೆಂದು ಕಂಡುಕೊಂಡರು. ಆ ಚಿಪ್ಪು ಈಗ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿದೆ.

ಚಳಿಗಾಲದ ಒಗಟು

ವೈಟರನ್ನು ಬದುಕಿಡೀ ಕಾಡಿದ ಪ್ರಶ್ನೆಯೊಂದಿತ್ತು. ಕವಲುಬಾಲದ ಸ್ವಾಲೋ ಹಕ್ಕಿಗಳು ವಸಂತದಲ್ಲಿ ಇಂಗ್ಲೆಂಡಿಗೆ ಬಂದು ಮರಿ ಮಾಡಿ, ಚಳಿ ಸುರುವಾಗುವಾಗ ಕಣ್ಮರೆಯಾಗುತ್ತವೆ. ಎಲ್ಲಿಗೆ? ದೂರದ ಬಿಸಿಲಿನ ದೇಶಕ್ಕೆ ಹಾರಿ ಹೋಗುತ್ತವೆಯೆಂದು ಕೆಲವರು. ಕೆರೆಯ ತಳದಲ್ಲೋ ಮಣ್ಣಿನ ಬಿಲದಲ್ಲೋ ಆಮೆಯಂತೆ ಮರಗಟ್ಟಿ ಮಲಗುತ್ತವೆಯೆಂದು ಇನ್ನು ಕೆಲವರು. ಬ್ಯಾರಿಂಗ್ಟನ್ನರು ಈ ಎರಡನೆಯ ಪಕ್ಷದವರು.

ವೈಟರ ತಮ್ಮ ಜಾನ್ ಆಗ ಸ್ಪೇನಿನ ದಕ್ಷಿಣದ ತುದಿಯಲ್ಲಿರುವ ಜಿಬ್ರಾಲ್ಟರಿನಲ್ಲಿ ಪಾದ್ರಿಯಾಗಿದ್ದರು. ಹಕ್ಕಿಗಳು ಗುಂಪು ಗುಂಪಾಗಿ ಕಡಲು ದಾಟುವುದನ್ನು ಕಣ್ಣಾರೆ ಕಂಡು ಅಣ್ಣನಿಗೆ ತಿಳಿಸಿದರು. ವೈಟರು ಅದನ್ನು ನಂಬಿದರು. ಆದರೂ ಶರತ್ಕಾಲ ಕಳೆದ ಮೇಲೆ ಬೆಚ್ಚಗಿನ ಒಂದು ದಿನ ಒಂದೆರಡು ಹಕ್ಕಿಗಳು ಮತ್ತೆ ಹೇಗೆ ಕಾಣಿಸುತ್ತವೆ ಎಂಬ ಸಂಶಯ ಹೋಗಲಿಲ್ಲ. ಕೆಲವಾದರೂ ಇಲ್ಲೇ ಅಡಗಿರಬಹುದೆಂದು ಗುಡ್ಡದ ಪೊದೆಗಳನ್ನು ಜನರಿಂದ ಬಡಿಸಿ, ಬೇರುಗಳನ್ನು ಕೆದಕಿಸಿ ನೋಡಿದರು. ಒಂದು ಹಕ್ಕಿಯೂ ಸಿಗಲಿಲ್ಲ. ಸಿಗಲಿಲ್ಲವೆಂಬುದನ್ನೂ ಅಷ್ಟೇ ಪ್ರಾಮಾಣಿಕವಾಗಿ ಬರೆದರು. ಒಗಟು ಬಿಡಿಸದೆಯೇ ಅವರು ತೀರಿಕೊಂಡರು.

ಆ ಒಗಟಿನ ಉತ್ತರ ನಮ್ಮ ವಾಚಕರ ಕಣ್ಣಿಗೆ ಪ್ರತಿವರ್ಷ ಬೀಳುತ್ತದೆ. ಮಳೆಗಾಲ ಮುಗಿಯುತ್ತಲೇ ಗದ್ದೆಬದಿಯ ವಿದ್ಯುತ್ ತಂತಿಗಳ ಮೇಲೆ ಸಾಲಾಗಿ ಕುಳಿತಿರುವ ಕವಲುಬಾಲದ ಸಣ್ಣ ಹಕ್ಕಿಗಳು ಅದೇ ಸ್ವಾಲೋ ಜಾತಿಯವು. ಇಂಗ್ಲೆಂಡಿನವು ಆಫ್ರಿಕದ ದಕ್ಷಿಣಕ್ಕೆ ಹೋಗುತ್ತವೆ. ನಮ್ಮಲ್ಲಿಗೆ ಬರುವವು ಹಿಮಾಲಯದಿಂದ ಮತ್ತು ಅದರಾಚೆಯ ಏಷ್ಯದ ಬಡಗಣ ನಾಡುಗಳಿಂದ. ಏಪ್ರಿಲ್ ಹೊತ್ತಿಗೆ ಇವು ಇಲ್ಲಿಂದ ಮರೆಯಾಗುವಾಗ ಅಲ್ಲಿ ಯಾರದೋ ಅಂಗಳದಲ್ಲಿ ವಸಂತ ಬಂದಿರುತ್ತದೆ.

ಎಂಟು ಜೋಡಿಯ ಪ್ರಶ್ನೆ

ವೈಟರ ಎಲ್ಲ ಲೆಕ್ಕಗಳಲ್ಲಿ ಹಿರಿದೆಂದು ನಾವು ಭಾವಿಸುವುದು ಸ್ವಿಫ್ಟ್ ಹಕ್ಕಿಗಳ ಲೆಕ್ಕ. ಕುಡುಗೋಲಿನಂತೆ ಬಾಗಿದ ರೆಕ್ಕೆಯ, ಮಸಿಬಣ್ಣದ ಈ ಹಕ್ಕಿಯ ಬಂಧುಗಳು ನಮ್ಮಲ್ಲಿಯೂ ಇವೆ. ಕನ್ನಡದಲ್ಲಿ ಬಾನಾಡಿಯೆಂದು ಕರೆಯುತ್ತೇವೆ. ಹಳೆಯ ಕಟ್ಟಡಗಳ ಸೂರಿನಡಿ, ಸೇತುವೆಗಳ ಅಡಿಭಾಗದಲ್ಲಿ ಗೂಡು ಕಟ್ಟಿ ಸಂಜೆ ಕಿರುಚುತ್ತ ಸುತ್ತುವವು ಇವೇ. ಸ್ವಿಫ್ಟ್ ಹಕ್ಕಿ ಆಕಾಶದಲ್ಲಿ ಹಾರುತ್ತಲೇ ಜೊತೆಗೂಡುತ್ತದೆಯೆಂದು ಮೊದಲು ಸಾರಿದವರು ವೈಟರು. ಸ್ವಾಲೋ ಜಾತಿಯ ಹಕ್ಕಿಗಳು ಮತ್ತು ಸ್ವಿಫ್ಟ್ ಬಗ್ಗೆ ಅವರು ಬರೆದ ಪ್ರಬಂಧಗಳನ್ನು 1774 ಮತ್ತು 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಓದಲಾಯಿತು.

ಸೆಲ್ಬೋರ್ನಿನಲ್ಲಿ ಈ ಹಕ್ಕಿಗಳು ಎಷ್ಟಿವೆಯೆಂದು ಅವರು ವರ್ಷ ವರ್ಷವೂ ಎಣಿಸಿದರು. ಎಣಿಸಿದಾಗಲೆಲ್ಲ ಸಿಕ್ಕಿದ ಲೆಕ್ಕ ಒಂದೇ: 8 ಜೋಡಿ. ಸುಮಾರು ಅರ್ಧ ಇಗರ್ಜಿಯ ಗೋಪುರದಲ್ಲಿ, ಉಳಿದ ಅರ್ಧ ಬಡವರ ಹುಲ್ಲುಮಾಡಿನ ಗುಡಿಸಲುಗಳಲ್ಲಿ. ಸಾಮಾನ್ಯ ಮನುಷ್ಯನಾದರೆ ಇಷ್ಟಕ್ಕೆ ಸಂತೋಷಪಟ್ಟು ಸುಮ್ಮನಾಗುತ್ತಿದ್ದ. ವೈಟರು ಸುಮ್ಮನಾಗಲಿಲ್ಲ. ಒಂದು ಜೋಡಿ ವರ್ಷಕ್ಕೆ 2 ಮೊಟ್ಟೆಯಿಟ್ಟು 2 ಮರಿ ಬೆಳೆಸುತ್ತದೆಯೆಂದು ಅವರಿಗೆ ಗೊತ್ತಿತ್ತು. 8 ಜೋಡಿಯೆಂದರೆ 16 ಹಕ್ಕಿ. ಅವು 16 ಮರಿ ಮಾಡಿದರೆ ಮರುವರ್ಷ 16 ಜೋಡಿ ಆಗಬೇಕು, ಅದರ ಮರುವರ್ಷ 32. ಆದರೆ ಬರುವವು ಅದೇ 8. ಹೆಚ್ಚಾದವು ಎಲ್ಲಿ ಹೋದುವು? ಮರಳಿ ಬಂದು ಹಳೆಯ ಗೂಡು ಹಿಡಿಯುವ ಜೋಡಿ ಯಾವುದೆಂದು ನಿಶ್ಚಯಿಸುವುದು ಯಾವುದು? 1778ರ ಮೇ ತಿಂಗಳಲ್ಲಿ ಬ್ಯಾರಿಂಗ್ಟನ್ನರಿಗೆ ಬರೆದ ಪತ್ರದಲ್ಲಿ ಈ ಪ್ರಶ್ನೆಯನ್ನು ಮುಂದಿಟ್ಟರು. ಅಷ್ಟು ಮುದ್ದಿನಿಂದ ಸಾಕಿದ ಮರಿಗಳನ್ನು ಹಕ್ಕಿಗಳು ಒಮ್ಮೆಲೇ ದೂರ ಅಟ್ಟುವುದರಿಂದಲೇ ಅವು ಭೂಮಿಯ ಮೇಲೆಲ್ಲ ಹಂಚಿಹೋಗುತ್ತಿರಬೇಕೆಂಬುದು ಅವರು ಮಾಡಿದ ಊಹೆ.

ಪ್ರಶ್ನೆ ಸಣ್ಣದಾಗಿ ಕಂಡರೂ ಅದರ ಬೇರು ಆಳವಾದದ್ದು. ಜೀವಿಗಳೆಲ್ಲ ತಮ್ಮ ಸಂಖ್ಯೆಯನ್ನು ಮೀರಿ ಮರಿ ಮಾಡುತ್ತವೆ, ಆದರೂ ಲೋಕ ತುಂಬಿ ತುಳುಕುವುದಿಲ್ಲ, ಏಕೆ? ಮಾಲ್ತಸ್ ಇದೇ ವಿಚಾರವನ್ನು ಮನುಷ್ಯರ ವಿಷಯದಲ್ಲಿ ಎತ್ತಿ ಪ್ರಬಂಧ ಬರೆದದ್ದು 1798ರಲ್ಲಿ. ಅದನ್ನು ಓದಿದ ಡಾರ್ವಿನ್ನರು ಜೀವವಿಕಾಸದ ಸಿದ್ಧಾಂತವನ್ನು ಪ್ರಕಟಿಸಿದ್ದು 1859ರಲ್ಲಿ. ಆ ದೊಡ್ಡ ಪ್ರಶ್ನೆ ಅದಕ್ಕೆ ಎಷ್ಟೋ ಮೊದಲೇ ಒಂದು ಹಳ್ಳಿಯ ಇಗರ್ಜಿಯ ಅಂಗಳದಲ್ಲಿ, ತಲೆಯೆತ್ತಿ ಹಕ್ಕಿ ಎಣಿಸುತ್ತಿದ್ದ ಒಬ್ಬ ಸಹಾಯಕ ಪಾದ್ರಿಯ ಮನಸ್ಸಿಗೆ ಬಂದಿತ್ತು. ಬರಿದೆ ನೋಡಿದ್ದರೆ ಬರುತ್ತಿರಲಿಲ್ಲ. ಎಣಿಸಿದ್ದರಿಂದ ಬಂತು.

ಪುಸ್ತಕ ಮತ್ತು ಅಂತ್ಯಕಾಲ

ಪೆನಂಟರಿಗೂ ಬ್ಯಾರಿಂಗ್ಟನ್ನರಿಗೂ ಬರೆದ ಪತ್ರಗಳನ್ನು ಸೇರಿಸಿ ಪುಸ್ತಕ ಮಾಡಬೇಕೆಂದು ಮಿತ್ರರು ಒತ್ತಾಯಿಸಿದರು. ವೈಟರು ಅವಸರದವರಲ್ಲ. ತಿದ್ದಿ ತೀಡಿ, ಹೊಸ ಪತ್ರಗಳನ್ನು ಸೇರಿಸಿ, ಊರಿನ ಹಳೆಯ ಇತಿಹಾಸವನ್ನೂ ಕೂಡಿಸಿ ಸಿದ್ಧಪಡಿಸಲು ಬಹಳ ವರ್ಷಗಳು ಹಿಡಿದುವು. ಚಿತ್ರ ಬರೆಯಲು ಸ್ವಿಟ್ಜರ್ಲೆಂಡಿನ ಕಲಾವಿದ ಗ್ರಿಮ್ ಎಂಬವರನ್ನು 1776ರಲ್ಲೇ ಊರಿಗೆ ಕರೆಸಿದ್ದರು. ಸೆಲ್ಬೋರ್ನಿನ ಪ್ರಕೃತಿ ಚರಿತ್ರೆ ಮತ್ತು ಪುರಾತನ ವಿಷಯಗಳನ್ನು ಕುರಿತ ಆ ಗ್ರಂಥವನ್ನು ತಮ್ಮ ಬೆಂಜಮಿನ್ನರೇ ಪ್ರಕಟಿಸಿದರು. ಮುದ್ರಿತ ವರ್ಷ 1789. ಆಗ ಲೇಖಕರಿಗೆ 68 ವರ್ಷ.

ಕೊನೆಯ ದಶಕದಲ್ಲಿ ವೈಟರು ಮತ್ತೆ ಸ್ವಂತ ಊರಿನ ಸಹಾಯಕ ಪಾದ್ರಿಯಾಗಿದ್ದರು. 1793ರ ಜೂನ್ 15ರಂದು ದಿನಚರಿಯಲ್ಲಿ ಕೊನೆಯ ಸಲ ಬರೆದರು. ಜೂನ್ 26ರಂದು ತೀರಿಕೊಂಡರು. ಇಗರ್ಜಿಯ ಬಳಿ ಹುಲ್ಲಿನ ನಡುವೆ ಒಂದು ಸಣ್ಣ ಕಲ್ಲು. ಅದರ ಮೇಲೆ ಹೆಸರಿನ ಎರಡು ಮೊದಲಕ್ಷರಗಳು ಮತ್ತು ತಾರೀಕು, ಅಷ್ಟೇ. ವರ್ಣಚಿತ್ರಕಾರರ ಮುಂದೆ ಕುಳಿತು ಚಿತ್ರ ಬರೆಸಿಕೊಂಡವರೂ ಅಲ್ಲ ಅವರು. ಅವರ ವೇಕ್ಸ್ ಮನೆ ಮತ್ತು ತೋಟ ಈಗ ಮ್ಯೂಸಿಯಂ ಆಗಿವೆ.

ಮುಂದುವರಿದ ಲೆಕ್ಕ

ಡಾರ್ವಿನ್ನರು ಬಾಲ್ಯದಲ್ಲಿ ವೈಟರ ಪುಸ್ತಕ ಓದಿಯೇ ಹಕ್ಕಿ ನೋಡುವ ಗೀಳು ಹಚ್ಚಿಕೊಂಡವರು. 1857ರಲ್ಲಿ ಸೆಲ್ಬೋರ್ನಿಗೆ ಹೋಗಿ ಬಂದರು. ವೈಟರ ಲೆಕ್ಕವನ್ನು ಮತ್ತೆ ನೋಡುವ ಆಸೆ ಇನ್ನೂ ತಡವಾಗಿ ಬಂತು. 1983ರಲ್ಲಿ ಇಬ್ಬರು ಜೀವವಿಜ್ಞಾನಿಗಳು ಸೆಲ್ಬೋರ್ನಿನ ಸ್ವಿಫ್ಟ್ ಹಕ್ಕಿಗಳ ಲೆಕ್ಕವನ್ನು ವೈಟರ ಲೆಕ್ಕದೊಂದಿಗೆ ಹೋಲಿಸಿ ಬರೆದರು. ಸಿಕ್ಕಿದ್ದು 12 ಜೋಡಿ. ಇನ್ನೂರು ವರ್ಷಗಳಲ್ಲಿ ಗುಡಿಸಲುಗಳು ಹೋಗಿ ಮನೆಗಳು ಬಂದುವು, ಕುದುರೆ ಹೋಗಿ ಕಾರು ಬಂತು. 8 ಇದ್ದದ್ದು 12 ಆಯಿತಷ್ಟೆ. ಇಂಥ ಮಾತನ್ನು ಹೇಳಲು ಸಾಧ್ಯವಾದದ್ದು ವೈಟರು ಅಂದು ಬರೆದಿಟ್ಟುದರಿಂದ.

ವೈಟರ ಪ್ರಶ್ನೆಗೆ ಉತ್ತರವೂ ಈಗ ತಕ್ಕಮಟ್ಟಿಗೆ ತಿಳಿದಿದೆ. ಮರಿಗಳಲ್ಲಿ ಬಹಳಷ್ಟು ಆಫ್ರಿಕದ ದೀರ್ಘ ಪಯಣದಲ್ಲಿ, ಕೆಟ್ಟ ಹವೆಯಲ್ಲಿ ಸಾಯುತ್ತವೆ. ಉಳಿದವು ಗೂಡು ಮಾಡುವುದು ಕೆಲವು ವರ್ಷಗಳ ಬಳಿಕ. ಆಗಲೂ ಗೂಡಿಗೆ ತಕ್ಕ ಬಿರುಕುಗಳು ಊರಿನಲ್ಲಿ ಇಷ್ಟೇ ಎಂದಿರುತ್ತವೆ. ಸ್ಥಳ ಸಿಗದವು ಬೇರೆ ಊರು ಹುಡುಕಬೇಕು. ಸ್ವಿಫ್ಟ್ ಹಕ್ಕಿ ವರ್ಷದಲ್ಲಿ ಹತ್ತು ತಿಂಗಳು ನೆಲಕ್ಕಿಳಿಯದೆ ಹಾರುತ್ತಿರಬಲ್ಲದೆಂದು 2016ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ವೈಟರು ಕೇಳಿದ್ದರೆ ಬೆರಗಾಗುತ್ತಿದ್ದರು.

ತೋಟದಲ್ಲಿ ಹಕ್ಕಿ ಎಣಿಸುವ ಕೆಲಸ ಇಂದು ಬ್ರಿಟನ್ನಿನಲ್ಲಿ ಜನರ ಹಬ್ಬವೇ ಆಗಿದೆ. ಅಲ್ಲಿನ ಪಕ್ಷಿರಕ್ಷಣಾ ಸಂಘ 1979ರಲ್ಲಿ ಮಕ್ಕಳಿಗಾಗಿ ಆರಂಭಿಸಿದ ಗಣತಿಯಲ್ಲಿ ಈಗ ಪ್ರತಿ ಜನವರಿಯ ಕೊನೆಗೆ ಲಕ್ಷಾಂತರ ಮಂದಿ ಪಾಲ್ಗೊಳ್ಳುತ್ತಾರೆ. ಅಲ್ಲಿನ ತೋಟಗಳಲ್ಲಿ ಗುಬ್ಬಚ್ಚಿ ಅರ್ಧಕ್ಕೂ ಹೆಚ್ಚು ಕಡಿಮೆಯಾದದ್ದು ಈ ಮನೆಮನೆಯ ಲೆಕ್ಕದಲ್ಲೂ ಕಂಡಿತು. ಬೇರೆ ಗಣತಿಗಳ ಆಧಾರದಲ್ಲಿ 2021ರಲ್ಲಿ ವೈಟರ ಪ್ರೀತಿಯ ಸ್ವಿಫ್ಟ್ ಹಕ್ಕಿಯನ್ನೂ ಬ್ರಿಟನ್ನಿನ ಅಪಾಯದಂಚಿನ ಹಕ್ಕಿಗಳ ಕೆಂಪು ಪಟ್ಟಿಗೆ ಸೇರಿಸಲಾಯಿತು. ಹಳೆಯ ಮನೆಗಳನ್ನು ದುರಸ್ತಿ ಮಾಡುವಾಗ ಸೂರಿನ ಬಿರುಕುಗಳನ್ನು ಮುಚ್ಚುವುದು ಅದಕ್ಕೆ ಒಂದು ಕಾರಣವೆನ್ನುತ್ತಾರೆ. ಗೂಡಿಗಾಗಿ ಗೋಡೆಯಲ್ಲಿ ಟೊಳ್ಳು ಇಟ್ಟಿಗೆ ಇಡುವ ಕ್ರಮ ಅಲ್ಲಿ ಹರಡುತ್ತಿದೆ.

ನಮ್ಮ ಹಿತ್ತಿಲಿನಲ್ಲಿ

ಇದೆಲ್ಲ ಬಿಳಿಯರ ದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ನಮ್ಮ ದೇಶದ ಸಲೀಂ ಅಲಿಯವರು ಕೆಲಸ ಕಳೆದುಕೊಂಡು 1930ರಲ್ಲಿ ಮುಂಬಯಿ ಬಳಿಯ ಕಿಹಿಂ ಎಂಬ ಕಡಲಬದಿಯ ಹಳ್ಳಿಯಲ್ಲಿ ನೆಲೆಸಿದಾಗ, ಹತ್ತಿರದಲ್ಲೇ ಗೂಡು ಕಟ್ಟುತ್ತಿದ್ದ ಗೀಜುಗಗಳನ್ನು ದಿನವೂ ನೋಡಿ ಲೆಕ್ಕವಿಟ್ಟರು. ಗಂಡು ಒಂದರ ಬಳಿಕ ಒಂದರಂತೆ ಗೂಡು ಕಟ್ಟಿ ಒಂದಕ್ಕಿಂತ ಹೆಚ್ಚು ಹೆಣ್ಣುಗಳ ಜೊತೆ ಸಂಸಾರ ಹೂಡುತ್ತದೆಯೆಂಬ ಸಂಗತಿ ಅದರಿಂದಲೇ ಬೆಳಕಿಗೆ ಬಂತು. ಕೇರಳದ 14 ಜಿಲ್ಲೆಗಳಲ್ಲೂ 2015ರಿಂದ 2020ರ ತನಕ ಮಳೆಗಾಲದಲ್ಲೊಮ್ಮೆ ಬೇಸಗೆಯ ಮುಂಚೆ ಒಮ್ಮೆ ಹಕ್ಕಿಗಳ ಗಣತಿ ನಡೆಸಿ ಪಕ್ಷಿ ನಕ್ಷೆ ತಯಾರಿಸಿದವರು ಬಹುಮಟ್ಟಿಗೆ ಸಂಬಳವಿಲ್ಲದ ಸ್ವಯಂಸೇವಕರು. ನಮ್ಮ ಕಾಸರಗೋಡೂ ಆ ನಕ್ಷೆಯಲ್ಲಿದೆ. ಪ್ರತಿ ಫೆಬ್ರವರಿಯಲ್ಲಿ ನಡೆಯುವ ಹಿತ್ತಿಲ ಹಕ್ಕಿಗಳ ಜಾಗತಿಕ ಗಣತಿಯಲ್ಲೂ ನಮ್ಮವರು ಪಾಲುಗೊಳ್ಳುತ್ತಿದ್ದಾರೆ.

ಎಣಿಸುವ ಕ್ರಮ ಕಷ್ಟದ್ದಲ್ಲ. ಜಗಲಿಯಲ್ಲೋ ಅಂಗಳದ ಮೂಲೆಯಲ್ಲೋ ಒಂದೇ ಜಾಗವನ್ನು ಆರಿಸಿಕೊಳ್ಳಬೇಕು. ಪ್ರತಿವಾರ ಒಂದೇ ದಿನ, ಒಂದೇ ಹೊತ್ತು, ಒಂದು ಗಂಟೆ ಕುಳಿತುಕೊಳ್ಳಬೇಕು. ಹಾರಿಹೋದ ಹಕ್ಕಿ ಮತ್ತೆ ಬಂದರೆ ಎರಡು ಬಾರಿ ಎಣಿಸದಿರಲು, ಒಂದು ಜಾತಿಯ ಹಕ್ಕಿಗಳು ಒಂದೇ ಸಲಕ್ಕೆ ಹೆಚ್ಚೆಂದರೆ ಎಷ್ಟು ಕಂಡುವೋ ಅಷ್ಟನ್ನೇ ಬರೆಯಬೇಕು. ಹೆಸರು ತಿಳಿಯದಿದ್ದರೆ ಬಣ್ಣ, ಗಾತ್ರ, ಕೂಗು ಬರೆದಿಟ್ಟರೆ ಸಾಕು. ಮಡಿವಾಳ ಹಕ್ಕಿ 2, ಪಿಕಳಾರ 5, ಕುಪ್ಪುಳು 1 ಎಂದು ಬರೆದ ಒಂದು ಸಾಲಿಗೆ ಇಂದು ಬೆಲೆಯಿಲ್ಲವೆನಿಸೀತು. ಒಂದೂ ಕಾಣದ ದಿನ ಸೊನ್ನೆ ಎಂದು ಬರೆಯುವುದೂ ಮುಖ್ಯವೇ.

ಮನೆಯ ಮಕ್ಕಳ ಕೈಗೆ ಒಂದು ನೋಟ್‌ಪುಸ್ತಕ ಕೊಟ್ಟು, ಅಜ್ಜ ಅಜ್ಜಿಯರು ಹಕ್ಕಿಗಳ ಊರ ಹೆಸರುಗಳನ್ನು ಹೇಳಿಕೊಟ್ಟರೆ ಆ ಹೆಸರುಗಳೂ ಉಳಿದಾವು, ಲೆಕ್ಕವೂ ಉಳಿದೀತು. ಸೆಲ್ಬೋರ್ನಿನ 8 ಜೋಡಿ ಹಕ್ಕಿಗಳನ್ನು ಇನ್ನೂರು ವರ್ಷಗಳ ಬಳಿಕ ಹುಡುಕಿಕೊಂಡು ಬಂದವರ ಕೈಯಲ್ಲಿ ವೈಟರ ಲೆಕ್ಕವಿತ್ತು. ನಮ್ಮ ಗುಬ್ಬಚ್ಚಿಗಳನ್ನು, ಬಾನಾಡಿಗಳನ್ನು ಹುಡುಕಿಕೊಂಡು ನಾಳೆ ಬರುವ ಮಕ್ಕಳ ಕೈಗೆ ಏನು ಸಿಗಬೇಕೆಂಬುದನ್ನು ನಾವು ಈಗಲೇ ಬರೆದಿಡಬೇಕು.